ಎಡಗಾಲಿನ ಹಾಡು

ಹೋದ ತಿಂಗಳು ಒಂದು ಮಧ್ಯಾಹ್ನ ಸಂಡೂರಿಗೆ ಹೊರಟಿದ್ದೆ. ಗುಡ್ಡದ ತಿರುವುಗಳು ಶುರುವಾಗುವ ಹೊತ್ತಿಗೆ ಮಳೆ ಹನಿಯಿತು. ಕಾರಿನ ಗಾಜು ಏರಿಸುವಷ್ಟರಲ್ಲಿ ವಾಸನೆ ಒಳಗೆ ಬಂದುಬಿಟ್ಟಿತ್ತು. ಮಳೆಯ ಮೊದಲ ಹನಿಗೆ ಮಣ್ಣು ಘಮ್ಮೆನ್ನುವುದು ಎಲ್ಲ ಊರಲ್ಲೂ ಇದ್ದದ್ದೇ. ನಮ್ಮ ಕಡೆಯ ಮಣ್ಣಿನಲ್ಲಿ ಮಾತ್ರ ಕಬ್ಬಿಣವಿದೆ. ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಾಗ ಬರುವಂಥ, ಮೂಗಿನ ತುದಿಗೆ ಚುರುಕು ಮುಟ್ಟಿಸುವ ವಾಸನೆ. ಒಂದು ಕಾಲದಲ್ಲಿ ಇದೇ ರಸ್ತೆಯಲ್ಲಿ ಅದಕ್ಕೆ ಡೀಸೆಲ್ ಹೊಗೆಯೂ ಬೆರೆತಿರುತ್ತಿತ್ತು. ಗಾಡಿಯನ್ನು ಪಕ್ಕಕ್ಕೆ ಹಾಕಿ, ಮಳೆ ನಿಲ್ಲುವ ತನಕ ಸುಮ್ಮನೆ ಕೂತೆ. ಅದಿರಿನ ಭರಾಟೆಯ ಆ ವರ್ಷ, ನಾನು ರೇಡಿಯೋದಲ್ಲಿ ರೆಗೆ ಹಾಡು ಹಾಕಲು ಶುರು ಮಾಡಿದ ವರ್ಷ, ಮೂಗಿನ ದಾರಿಯಿಂದಲೇ ತಲೆಗೆ ಏರಿತು.

ಈಗ ಹೊಸಪೇಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಹಾಡುಗಳನ್ನು ರೆಕಾರ್ಡ್ ಮಾಡಿ ಹೊರತರುತ್ತೇನೆ. ವಾರಕ್ಕೊಮ್ಮೆ ರೆಗೆ ಕಾರ್ಯಕ್ರಮವನ್ನೂ ನಡೆಸುತ್ತೇನೆ. ಮದುವೆ ಮುಂಜಿಗಳಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಮ್ಯೂಸಿಕ್ ಪ್ರೊಡ್ಯೂಸರ್ ಅನ್ನುತ್ತೇನೆ. ಯಾವ ಮ್ಯೂಸಿಕ್ ಎಂದು ಮುಂದುವರಿದರೆ ರೆಗೆ ಎಂದು ಹೇಳುತ್ತೇನೆ. "ರಗಳೇನಾ?" ಎಂದು ಕೇಳಿದವರು ಕಡಿಮೆಯೆಂದರೂ ನೂರು ಜನ ಇದ್ದಾರು. ಮೊದಲು ಕೇಳಿದವರು ನಮ್ಮ ಭಾವ.

ಆಗ ನಾನು ಕಂಪ್ಲಿಯ ನಮ್ಮ ಮನೆ ಬಿಟ್ಟು ಹೊಸಪೇಟೆಯಲ್ಲಿ ಅಕ್ಕನ ಮನೆಯಲ್ಲಿದ್ದೆ. ರೇಡಿಯೋ ಸ್ಟೇಷನ್ನಿನಲ್ಲಿ ತಾತ್ಕಾಲಿಕ ಉದ್ಘೋಷಕಿ. ತಿಂಗಳಿಗೆ ಆರು ದಿನ ಕೆಲಸ. ಉಳಿದ ದಿನ ಅಕ್ಕನ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಊರಿಗೆ ಊರೇ ಲಾರಿ ಕೊಳ್ಳುತ್ತಿದ್ದ ಕಾಲ. ಕ್ಷೌರದ ಅಂಗಡಿಯವನಿಗೆ ಒಂದು ಲಾರಿ, ಹೈಸ್ಕೂಲ್ ಮೇಷ್ಟ್ರಿಗೆ ಇಬ್ಬರ ಪಾಲಿನಲ್ಲಿ ಒಂದು. ಭಾವ ನೋಟ್‌ಬುಕ್ಕು, ಪೆನ್ನಿನ ಅಂಗಡಿ ಮುಚ್ಚಿ ಎರಡು ಲಾರಿ ತಂದಿದ್ದರು. ಮನೆಯ ಮುಂದಿನ ತುಳಸಿ ಗಿಡ ಅದಿರಿನ ಧೂಳಿಗೆ ಕೆಂಪಾಗಿತ್ತು. ಬಿಳಿ ಸೀರೆ ಉಡುವುದನ್ನು ಅಕ್ಕ ಬಿಟ್ಟೇಬಿಟ್ಟಿದ್ದಳು.

"ರೇಡಿಯೋದಾಗ ಏನೈತಿ ಗೌರಿ?" ಎಂದು ಭಾವ ಊಟಕ್ಕೆ ಕೂತಾಗಲೆಲ್ಲ ಕೇಳುವರು. "ತೋರಣಗಲ್ಲಿನ ಹತ್ರ ನಮ್ಮ ದೋಸ್ತಂದು ಅದಿರಿನ ಯಾರ್ಡ್ ಐತಿ. ಆಫೀಸ್ ನೋಡ್ಕೊಳ್ಳಾಕ ಓದಿದವ್ರು ಬೇಕಂತ. ಎಸಿ ರೂಮು, ಬರಾಕ ಹೋಗಾಕ ಜೀಪು."

"ನೋಡೋಣ ಭಾವ," ಅನ್ನುತ್ತಿದ್ದೆ. ಅದು ಒಳ್ಳೆಯ ಮನಸ್ಸಿನಿಂದ ಬಂದ ಮಾತು. ಇಲ್ಲ ಎನ್ನಲು ನನ್ನ ಹತ್ತಿರ ಕಾರಣವೂ ಇರಲಿಲ್ಲ.

ಕಾರಣ ಸಿಕ್ಕಿದ್ದು ಹಂಪಿ ಬಜಾರಿನಲ್ಲಿ. ದೀಪಾವಳಿ ಮುಗಿದು ವಿದೇಶಿಯರು ಬರುವ ಸೀಜನ್ ಶುರುವಾಗಿತ್ತು. ಅಲ್ಲಿನ ವ್ಯಾಪಾರಸ್ಥರ ಮಾತು ರೆಕಾರ್ಡ್ ಮಾಡಿಕೊಂಡು ಬಾ ಎಂದು ಸ್ಟೇಷನ್ನಿನವರು ಕಳಿಸಿದ್ದರು. ಆಗಿನ್ನೂ ಬಜಾರಿನ ಕಲ್ಲಿನ ಮಂಟಪಗಳಲ್ಲಿ ಅಂಗಡಿ, ಹೋಟೆಲುಗಳಿದ್ದವು. ಅಂಥ ಒಂದು ಮಂಟಪದಲ್ಲಿ ಹುಲಿಗೆವ್ವ ಎಂಬಾಕೆ ಹೋಟೆಲು ನಡೆಸುತ್ತಿದ್ದಳು. ನಲವತ್ತೈದರ ಗಟ್ಟಿ ಹೆಂಗಸು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಐದು ದೇಶದ ಭಾಷೆಯಲ್ಲಿ ಬಾಳೆಹಣ್ಣಿನ ದೋಸೆಗೆ ಏನೆನ್ನುತ್ತಾರೆಂದು ಬಲ್ಲವಳು. ಎರಡು ಕಲ್ಲುಕಂಬಗಳ ನಡುವಿನ ಹಲಗೆಯ ಮೇಲೆ ಟೇಪ್‌ರೆಕಾರ್ಡರ್ ಇಟ್ಟಿದ್ದಳು. ಅದರಿಂದ ಒಂದು ಹಾಡು ಬರುತ್ತಿತ್ತು.

ಅಂಥ ಹಾಡನ್ನು ನಾನು ಕೇಳಿರಲಿಲ್ಲ. ಅವಸರವೇ ಇಲ್ಲದ ಹಾಡು. ಕೆಳಗೆ ದಪ್ಪ ತಂತಿಯ ನಾದ ಎಮ್ಮೆ ನೀರಿಗಿಳಿದಂತೆ ನಿಧಾನವಾಗಿ ಇಳಿಯುತ್ತದೆ. ಮೇಲೆ ಗಿಟಾರು ಚಕ್, ಚಕ್ ಎಂದು ಗೀರುತ್ತದೆ. ತಾಳ ಹಾಕಲು ಹೋದರೆ ಕೈ ತಪ್ಪುತ್ತಿತ್ತು.

"ಇದು ಎಂಥಾ ಹಾಡು ಹುಲಿಗೆವ್ವಕ್ಕ?"

"ನಂಗೇನ್ ಗೊತ್ತು ತಂಗಿ. ಹೋದ ವರ್ಷ ಒಬ್ಬಾಕಿ ಮೂರು ತಿಂಗ್ಳು ಇದ್ದಾಕಿ ಬಿಟ್ಟುಹೋದ್ಲು. ಇದು ಎಡಗಾಲಿನ ಹಾಡು."

"ಅಂದ್ರ?"

ಹುಲಿಗೆವ್ವ ಹಿಟ್ಟಿನ ಸೌಟು ಕೆಳಗಿಟ್ಟು, ಸೆರಗು ಸಿಗಿಸಿ, ಟೇಬಲ್ಲುಗಳ ನಡುವೆ ನಡೆದು ತೋರಿಸಿದಳು. "ನಮ್ಮ ಹಾಡಿಗೆ ಬಲಗಾಲು ಇಟ್ಟಾಗ ತಾಳ ಬೀಳತೈತಿ. ಇದ್ಕ ನೋಡು. ಬಲಗಾಲು ಇಟ್ಟಾಗ ಸುಮ್ನಿರತೈತಿ. ಎಡಗಾಲು ಇಟ್ಟಾಗ ಚಕ್ ಅಂತೈತಿ. ಮೊದಮೊದ್ಲು ನಂಗೂ ದ್ವಾಸಿ ಹರೀತಿದ್ವು. ಈಗ ಈ ಹಾಡು ಇಲ್ಲಂದ್ರ ದ್ವಾಸಿ ಏಳಂಗಿಲ್ಲ."

ಆಮೇಲೆ ರೆಗೆ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದ್ದೇನೆ. ಅದರ ತಾಳವನ್ನು ಹುಲಿಗೆವ್ವನಷ್ಟು ಸಲೀಸಾಗಿ ಯಾರೂ ವಿವರಿಸಿಲ್ಲ. ಅವತ್ತು ವ್ಯಾಪಾರಸ್ಥರ ಮಾತು ಅರ್ಧಕ್ಕೇ ನಿಂತಿತು. ಸಂಜೆಯ ಬಸ್ಸಿನ ತನಕ ಅಲ್ಲೇ ಕೂತು, ಆ ಟೇಪಿನ ಎರಡೂ ಮಗ್ಗುಲನ್ನು ಮೂರು ಸಲ ಕೇಳಿದೆ.

ಸ್ಟೇಷನ್ನಿನ ಲೈಬ್ರರಿಯಲ್ಲಿ ಹುಡುಕಿದಾಗ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಹಿಂದೆ ಯಾವಾಗಲೋ ದೆಹಲಿಯಿಂದ ಬಂದದ್ದು. ಒಳಗೆ ಅಂಥದೇ ಹಾಡಿನ, ಜಮೈಕಾ ದ್ವೀಪದ ರೆಗೆಯ ಹನ್ನೊಂದು ಸಿ.ಡಿ. ಒಂದರ ಪ್ಲಾಸ್ಟಿಕ್ಕೂ ಹರಿದಿರಲಿಲ್ಲ. ಡಬ್ಬಿ ಹೊತ್ತುಕೊಂಡು ಜೋಶಿ ಸರ್ ಕೋಣೆಗೆ ಹೋದೆ. ಅವರು ನಮ್ಮ ಸ್ಟೇಷನ್ನಿನ ಮುಖ್ಯಸ್ಥರು, ಧಾರವಾಡದವರು. ಹಿಂದೂಸ್ತಾನಿ ಸಂಗೀತ ಬಿಟ್ಟರೆ ಉಳಿದದ್ದೆಲ್ಲ ಗಲಾಟೆ ಎಂದು ನಂಬಿದವರು. ಕೋಣೆಯ ಮೂಲೆಯಲ್ಲಿ ಅವರ ಸ್ವಂತ ಹಾರ್ಮೋನಿಯಂ, ಅದಕ್ಕೆ ಧೂಳು ಕೂರದಂತೆ ಎರಡು ಹೊದಿಕೆ.

ಒಂದು ಹಾಡನ್ನು ಪೂರ್ತಿ ಕೇಳಿದರು. ಅದೇ ಅವರ ದೊಡ್ಡಗುಣ.

"ಸಮ್ ಎಲ್ಲಿ ಬರ್ತದ ಇದರಾಗ?" ಎಂದು, ತಾಳ ಶುರುವಾಗುವ ಪೆಟ್ಟನ್ನು ಹುಡುಕುತ್ತಾ ಕೇಳಿದರು.

"ನಾವು ಕಾಯೋ ಜಾಗದಾಗ ಬರಂಗಿಲ್ಲ ಸರ್."

"ಹೌದಲ್ರೀ, ಅದೇ ನನಗೂ ತ್ರಾಸ ಆತು." ಸ್ವಲ್ಪ ಹೊತ್ತು ಮೇಜಿನ ಮೇಲೆ ಬೆರಳಾಡಿಸಿ, "ಶನಿವಾರ ಮಧ್ಯಾಹ್ನ ಮೂರೂವರಿಗೆ ಅರ್ಧ ತಾಸು ಖಾಲಿ ಅದ. ಆ ಹೊತ್ತಿನ್ಯಾಗ ಊರೆಲ್ಲ ಮಲಗಿರ್ತದ. ಯಾರಿಗೂ ತೊಂದ್ರಿ ಆಗಂಗಿಲ್ಲ," ಎಂದರು.

ಕಾರ್ಯಕ್ರಮಕ್ಕೆ 'ಎಡಗಾಲಿನ ಹಾಡು' ಎಂದು ಹೆಸರು ಕೊಟ್ಟೆ. ಎಡಗಾಲು ಅಪಶಕುನ ಎಂದು ಜೋಶಿ ಸರ್ ಅದನ್ನು ಹೊಡೆದು ಹಾಕಿ 'ದೂರದ ದ್ವೀಪದ ಹಾಡು' ಎಂದು ಬರೆದರು. ನಾನು ಮೈಕಿನ ಮುಂದೆ ಅವರು ಬರೆದ ಹೆಸರು ಹೇಳಿ, ಮರುಕ್ಷಣವೇ ಹುಲಿಗೆವ್ವನ ನಡಿಗೆಯ ಕಥೆ ಹೇಳಿದೆ. ಮುಂದೆ ಕೇಳುಗರ ಬಾಯಲ್ಲಿ ಉಳಿದದ್ದು ಎಡಗಾಲೇ.

ಆದರೆ ಕೇಳುಗರು ಇದ್ದಾರೆಂದು ತಿಳಿಯಲು ಮೂರು ತಿಂಗಳು ಬೇಕಾಯಿತು. ಅಲ್ಲಿಯ ತನಕ ಒಂದು ಕಾರ್ಡೂ ಬರಲಿಲ್ಲ. ಇದ್ದದ್ದು ಹನ್ನೊಂದೇ ಸಿ.ಡಿ., ಹಾಗಾಗಿ ಹಾಡಿಗಿಂತ ಮಾತು ಜಾಸ್ತಿ ಆಡಬೇಕಿತ್ತು. ಕಾಲೇಜಿನ ಲೈಬ್ರರಿಗೆ ಹೋಗಿ ವಿಶ್ವಕೋಶ ತೆಗೆದು ಜಮೈಕಾ ದ್ವೀಪದ ಬಗ್ಗೆ ಓದಿದೆ. ಅಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಆ ದ್ವೀಪದ ಮಣ್ಣೂ ಕೆಂಪು. ಅದರಲ್ಲೂ ಅದಿರು ಇದೆ, ಅಲ್ಯೂಮಿನಿಯಂ ಅದಿರು. ಅಲ್ಲಿಯೂ ಗುಡ್ಡ ಅಗೆದು, ಬಂದರಿಗೆ ಸಾಗಿಸಿ, ಹಡಗಿಗೆ ತುಂಬುತ್ತಾರೆ.

ಆ ಶನಿವಾರ ಮೈಕಿನ ಮುಂದೆ ಹೇಳಿದೆ: "ಈ ಹಾಡು ಹಾಡ್ತಿರೋರ ಊರಿನ ಮಣ್ಣೂ ನಮ್ಮ ಸಂಡೂರಿನ ಮಣ್ಣಿನ ಹಂಗ ಕೆಂಪಗೈತಿ. ಅವರ ಅಂಗಳದ ಗಿಡಗಳೂ ಕೆಂಪಗೇ ಇರಬೇಕು. ಅವರೂ ದಿನಾ ಸಂಜಿಗೆ ಕೈಕಾಲು ತೊಳ್ಕೊಂಡ್ರ ಬಚ್ಚಲದಾಗ ಕೆಂಪು ನೀರೇ ಹರೀತಿರಬೇಕು." ಉದ್ಘೋಷಕರು ಗ್ರಂಥದ ಭಾಷೆ ಬಿಟ್ಟು ಮಾತಾಡಬಾರದೆಂದು ನಿಯಮವಿತ್ತು. ಅವತ್ತು ನನಗೇ ಗೊತ್ತಿಲ್ಲದೆ ಮನೆಮಾತು ಬಂದುಬಿಟ್ಟಿತ್ತು. ಜೋಶಿ ಸರ್ ಏನೂ ಅನ್ನಲಿಲ್ಲ. ಅವರೂ ಮಲಗಿದ್ದರೇನೋ ಎಂದುಕೊಂಡೆ.

ಬೇಸಿಗೆ ಕಾಲಿಟ್ಟ ಮೇಲೆ ಒಂದು ಶನಿವಾರ ಸಂಡೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಆ ವಾರದ ಕಾರ್ಯಕ್ರಮವನ್ನು ಮೊದಲೇ ರೆಕಾರ್ಡ್ ಮಾಡಿಟ್ಟಿದ್ದೆ. ಗುಡ್ಡದ ಬುಡದಲ್ಲಿ ಬಸ್ಸು ನಿಂತಿತು. ಮುಂದೆ ಒಂದು ಲಾರಿಯ ಆಕ್ಸೆಲ್ ಮುರಿದಿತ್ತು. ಅದರ ಹಿಂದೆ ಮುಂದೆ ಕಣ್ಣು ಹರಿಯುವ ತನಕ ಅದಿರಿನ ಲಾರಿಗಳು. ಆ ದಿನಗಳಲ್ಲಿ ಜಾಮ್ ಎಂದರೆ ಒಂದು ಊರು ಇದ್ದಂತೆ. ಸ್ಟೋವ್ ಹಚ್ಚಿ ಅನ್ನಕ್ಕಿಡುವವರು, ಲಾರಿಯ ಕೆಳಗೆ ಚಾಪೆ ಹಾಸುವವರು, ಮಂಡಾಳು ಒಗ್ಗರಣೆ ಮಾರುವವರು ಎಲ್ಲರೂ ಇರುತ್ತಿದ್ದರು. ಬಿಸಿಲಿಗೆ ಬಸ್ಸಿನೊಳಗೆ ಕೂರಲಾಗದೆ ಕೆಳಗಿಳಿದೆ.

ಇಳಿದು ನಾಲ್ಕು ಹೆಜ್ಜೆ ಇಟ್ಟಿರಬೇಕು, ನನ್ನ ದನಿ ಕೇಳಿತು. ಪಕ್ಕದ ಲಾರಿಯ ಕ್ಯಾಬಿನ್ನಿನಿಂದ. "ನಮಸ್ಕಾರ, ದೂರದ ದ್ವೀಪದ ಹಾಡಿಗೆ ಸ್ವಾಗತ." ಮುಂದಿನ ಲಾರಿಯಿಂದಲೂ ಅದೇ. ಅದರ ಮುಂದಿನದರಿಂದಲೂ. ಹಾಡು ಶುರುವಾಯಿತು. ನಾನು ನಡೆಯುತ್ತಾ ಹೋದೆ, ಹಾಡು ನನ್ನ ಜೊತೆ ಒಂದು ಲಾರಿಯಿಂದ ಇನ್ನೊಂದಕ್ಕೆ ದಾಟುತ್ತಾ ಬಂತು, ಎಲ್ಲಿಯೂ ತುಂಡಾಗಲಿಲ್ಲ. ಮೈಲಿಯುದ್ದದ ಕೆಂಪು ರಸ್ತೆಗೆ ಒಂದೇ ಹಾಡು. ಎಲೆಯಡಿಕೆ ಹಾಕಿಕೊಳ್ಳುವವರು, ಟೈರಿಗೆ ಒರಗಿದವರು, ಎಲ್ಲರ ತಲೆಗಳೂ ಸಣ್ಣಗೆ ಆಡುತ್ತಿದ್ದವು. ಮೂರು ತಿಂಗಳಿಂದ ಖಾಲಿ ಗೋಡೆಗೆ ಮಾತಾಡುತ್ತಿದ್ದೇನೆ ಎಂದುಕೊಂಡವಳು ನಾನು.

ಒಂದು ಲಾರಿಯ ಹತ್ತಿರ ನಿಂತೆ. ಡ್ರೈವರು ಕ್ಯಾಬಿನ್ನಿನಿಂದ ಕೈ ಹೊರಗೆ ಹಾಕಿ ಬಾಗಿಲಿನ ತಗಡಿನ ಮೇಲೆ ತಾಳ ಹಾಕುತ್ತಿದ್ದ. ಸರಿಯಾಗಿ ಎಡಗಾಲಿನ ಜಾಗದಲ್ಲಿ. ನಾನು ಅದನ್ನು ಕಲಿಯಲು ಒಂದು ತಿಂಗಳು ತೆಗೆದುಕೊಂಡಿದ್ದೆ.

"ನಿಮಗ ಈ ತಾಳ ಹೆಂಗ ಬರತೈತ್ರಿ?" ಎಂದೆ.

"ನಾ ಮೊಹರಮ್ಮಿನ್ಯಾಗ ಹಲಗಿ ಬಡಿಯಾಂವ್ರಿ ಅಕ್ಕಾರ. ನಡೂವ ಬಿಟ್ಟು ಬಡಿಯಾದು ನಮಗ ಹೊಸದಲ್ಲ," ಎಂದವನು ನನ್ನ ಮುಖ ನೋಡಿದ. ರೇಡಿಯೋ ಕಡೆ ನೋಡಿದ. ಮತ್ತೆ ನನ್ನ ಮುಖ. "ನೀವು ಎಡಗಾಲಿನ ಅಕ್ಕ ಹೌದಿಲ್ಲೋ?"

ಅವನ ಹೆಸರು ಖಾಸಿಂ. ಕುರೆಕುಪ್ಪದವನು. ಲಾರಿಯಿಂದ ಲಾರಿಗೆ ಸುದ್ದಿ ಹೋಯಿತು. ಹತ್ತು ನಿಮಿಷದಲ್ಲಿ ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ, ಎರಡು ಕಡೆಯಿಂದ ಚಹಾ ತಂದುಕೊಟ್ಟರು. ಆ ದ್ವೀಪದಲ್ಲಿ ಲಾರಿಗೆ ಎಷ್ಟು ಟನ್ ತುಂಬುತ್ತಾರೆ, ಡ್ರೈವರ್‌ಗಳಿಗೆ ರಜೆ ಉಂಟೋ ಇಲ್ಲವೋ, ಊಟಕ್ಕೆ ಏನು ತಿನ್ನುತ್ತಾರೆ ಎಂದು ಕೇಳಿದರು. ಮೀನು ಅನ್ನ ಎಂದೆ. ಅನ್ನ ತಿನ್ನುವವರೇ ಎಂದು ಎಲ್ಲರಿಗೂ ಸಮಾಧಾನವಾಯಿತು.

"ಇಷ್ಟು ಜನ ಕೇಳ್ತೀರಿ, ಒಂದು ಪತ್ರ ಬರೀಬಾರದೇನ್ರಿ?" ಎಂದೆ.

"ಕಾಗ್ದ ಎಲ್ಲೈತ್ರಿ ಇಲ್ಲಿ," ಎಂದು ಒಬ್ಬ ನಕ್ಕ. ಖಾಸಿಂ ಜೇಬಿನಿಂದ ಅದಿರು ತೂಗಿದ ಚೀಟಿ ತೆಗೆದು, ಅದರ ಬೆನ್ನು ತಿರುಗಿಸಿ ನೋಡಿದ.

ಮುಂದಿನ ವಾರದಿಂದ ಸ್ಟೇಷನ್ನಿಗೆ ಚೀಟಿಗಳು ಬರತೊಡಗಿದವು. ಮುಂದೆ ಲಾರಿಯ ನಂಬರು, ತೂಕ. ಹಿಂದೆ ಎರಡು ಸಾಲು. "ಅಕ್ಕಾರ, ಹೋದ ವಾರದ ಮೂರನೇ ಹಾಡು ಮತ್ತ ಹಾಕ್ರಿ." "ನನ್ನ ಹೆಂಡ್ತಿ ಹೆಸರು ಹೇಳ್ರಿ, ಕುರೆಕುಪ್ಪದಾಗ ಕೇಳ್ತಿರ್ತಾಳ." ಪ್ರತಿ ಚೀಟಿಯ ಮೇಲೂ ಕೆಂಪು ಬೆರಳ ಗುರುತು. ಜೋಶಿ ಸರ್ ಅವನ್ನು ಓದಿ ಓದಿ, ಅವರ ಕನ್ನಡಕದ ಕಡ್ಡಿಯೂ ಕೆಂಪಾಯಿತು.

ಅಷ್ಟರಲ್ಲಿ ಇನ್ನೊಂದು ಪತ್ರ ಬಂತು. ಇದು ಬಿಳಿ ಕಾಗದದ ಮೇಲೆ ಟೈಪ್ ಮಾಡಿದ್ದು, ಊರಿನ ಒಬ್ಬ ದೊಡ್ಡವರಿಂದ. ವಿರೂಪಾಕ್ಷನ ಸನ್ನಿಧಿಯ ಊರಿನಲ್ಲಿ ಗಾಂಜಾ ಸೇದುವವರ ಹಾಡು ಹಾಕುತ್ತಿದ್ದೀರಿ, ಭಾಷೆಯೋ ಲಾರಿ ಸ್ಟ್ಯಾಂಡಿನದು, ಇದನ್ನು ನಿಲ್ಲಿಸಬೇಕು ಎಂದು. ಮೇಲಿನ ಕಚೇರಿಗೂ ಅದರ ಪ್ರತಿ ಹೋಗಿತ್ತು. ಅಲ್ಲಿಂದ ಜೋಶಿ ಸರ್‌ಗೆ ಪ್ರಶ್ನೆ ಬಂತು: ಈ ಕಾರ್ಯಕ್ರಮಕ್ಕೂ ಈ ನಾಡಿಗೂ ಏನು ಸಂಬಂಧ?

"ಎರಡು ತಿಂಗಳು ಟೈಮ್ ಕೇಳೇನಿ," ಎಂದರು ಜೋಶಿ ಸರ್. "ಚೀಟಿ ತೋರ್ಸಿದ್ರ ಸಾಲಂಗಿಲ್ಲ. ಸಂಬಂಧ ತೋರಸ್ರಿ. ಇಲ್ಲಾಂದ್ರ ನಿಲ್ಲಸ್ಬೇಕಾಗ್ತದ. ನನ್ನ ಕೈಯಾಗ ಇಲ್ಲ."

ಕಾರ್ಯಕ್ರಮ ನಿಂತರೆ ನನ್ನ ಆರು ದಿನದ ಕೆಲಸ ನಾಲ್ಕಕ್ಕೆ ಇಳಿಯುತ್ತಿತ್ತು. ಭಾವ ಮತ್ತೆ ಯಾರ್ಡಿನ ಮಾತು ತೆಗೆದರು. ಅವರ ದೋಸ್ತ ಗಣೇಶ ಹಬ್ಬದ ತನಕ ಕಾಯುತ್ತಾನಂತೆ. ಈ ಸಲ "ಆತು ಭಾವ, ಹಬ್ಬದೊಳಗ ಹೇಳ್ತೀನಿ" ಎಂದೆ. ಮನಸ್ಸಿನಲ್ಲಿ ಅರ್ಧ ಒಪ್ಪಿಯೇ ಬಿಟ್ಟಿದ್ದೆ.

ಬೇಸರದಲ್ಲಿ ಎರಡು ದಿನ ಇದ್ದು ಬರೋಣವೆಂದು ಕಂಪ್ಲಿಗೆ ಹೋದೆ. ಕಾಲುವೆಗೆ ನೀರು ಬಿಟ್ಟಿದ್ದರು. ಊರ ಸುತ್ತ ಗದ್ದೆಗಳೆಲ್ಲ ಕನ್ನಡಿಯಂತೆ ಮಿನುಗುತ್ತಿದ್ದವು. ಎಲ್ಲೆಲ್ಲೂ ನಾಟಿ. ನಮ್ಮ ಮನೆಯ ಹಿಂದಿನ ಗದ್ದೆಯಲ್ಲಿ ಈರಮ್ಮನ ಗುಂಪು ಇಳಿದಿತ್ತು. ಈರಮ್ಮ ನಾಟಿ ಹೆಂಗಸರ ಮುಂದಾಳು. ನಾನು ಲಂಗ ತೊಡುತ್ತಿದ್ದಾಗಿನಿಂದಲೂ ಅವಳ ಹಾಡು ಕೇಳಿದವಳು. ಅವಳು ಒಂದು ಸಾಲು ಹಾಡುತ್ತಾಳೆ, ಹದಿನೈದು ಹೆಂಗಸರು ಅದನ್ನೇ ತಿರುಗಿ ಹಾಡುತ್ತಾರೆ. ಬದುವಿನ ಮೇಲೆ ಕೂತು ಸುಮ್ಮನೆ ಕೇಳುತ್ತಿದ್ದವಳು ಇದ್ದಕ್ಕಿದ್ದಂತೆ ಎದ್ದು ನಿಂತೆ.

ಹಾಡಿನ ಅಕ್ಷರ ಬೀಳುವಾಗ ಅವರ ಕೈಗಳು ಸಸಿ ಬಿಡಿಸುತ್ತಿದ್ದವು. ಸಸಿಯನ್ನು ಕೆಸರಿಗೆ ಊರುವುದು ಅಕ್ಷರ ಮುಗಿದ ಮೇಲೆ, ಎರಡು ತಾಳದ ನಡುವಿನ ಖಾಲಿ ಜಾಗದಲ್ಲಿ. ಹದಿನೈದು ಕೈ ಒಟ್ಟಿಗೆ ಕೆಸರಿಗೆ ಇಳಿದಾಗ ಚಳಕ್ ಎಂದು ಸದ್ದು ಬರುತ್ತಿತ್ತು. ಹುಲಿಗೆವ್ವನ ಮಂಟಪದ ಗಿಟಾರು ಗೀರುತ್ತಿದ್ದುದು ಸರಿಯಾಗಿ ಅದೇ ಜಾಗದಲ್ಲಿ. ಸಣ್ಣವಳಿದ್ದಾಗಿನಿಂದ ಕೇಳಿದ್ದೆ, ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ.

ಸೀರೆ ಎತ್ತಿ ಕಟ್ಟಿ ಗದ್ದೆಗೇ ಇಳಿದೆ. "ಈರಮ್ಮಕ್ಕ, ಈ ಹಾಡು ರೇಡಿಯೋಕ್ಕ ಹಾಡ್ತಿಯೇನು?"

"ನಾಟಿ ಮುಗಿಲಿ ಯವ್ವಾ," ಎಂದಳು ತಲೆ ಎತ್ತದೆ. "ರೇಡಿಯೋ ಓಡಿಹೋಗತೈತೇನು?"

ಓಡಿಹೋಗುತ್ತದೆ ಎಂದು ವಿವರಿಸಿದೆ. ಎರಡು ದಿನದ ಮೇಲೆ ಆರು ಜನರನ್ನು ಕರೆದುಕೊಂಡು ಹೊಸಪೇಟೆಗೆ ಬಂದಳು. ಸ್ಟುಡಿಯೋದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎಸಿಯ ಚಳಿಗೆ ಸೆರಗು ಹೊದ್ದು, ಮೈಕಿನ ಮುಂದೆ ಸಾಲಾಗಿ ನಿಂತರು. ಶಾಲೆಯ ಮಕ್ಕಳು ಪ್ರಾರ್ಥನೆ ಹೇಳಿದಂತೆ ಹಾಡಿದರು. ತಾಳವೂ ನೇರವಾಗಿ, ಬಲಗಾಲಿಗೇ ಬಿದ್ದಿತ್ತು. ಗಾಜಿನ ಆಚೆ ಜೋಶಿ ಸರ್ ತಲೆ ಅಲ್ಲಾಡಿಸಿದರು.

"ಬಗ್ಗದ ಹೆಂಗ ಹಾಡಬೇಕು ಗೌರಿ?" ಎಂದಳು ಈರಮ್ಮ, ಸ್ವಲ್ಪ ಸಿಟ್ಟಿನಿಂದಲೇ. "ಕೈಯಾಗ ಸಸಿ ಇಲ್ಲ, ಕಾಲಾಗ ನೀರಿಲ್ಲ. ಹಾಡು ಎಲ್ಲಿಂದ ಬರಬೇಕು?"

ನಾನು ಜೋಶಿ ಸರ್ ಮುಖ ನೋಡಿದೆ. ಅವರು ಗೋಡೆಯ ಗಡಿಯಾರ ನೋಡಿದರು, ಕ್ಯಾಲೆಂಡರ್ ನೋಡಿದರು. "ಹಂಗಾದ್ರ ಮೈಕೇ ಗದ್ದಿಗೆ ಹೋಗ್ಲಿ," ಎಂದರು.

ಮುಂದಿನ ಭಾನುವಾರ ಬೆಳಿಗ್ಗೆ ಕಂಪ್ಲಿಯ ಗದ್ದೆಯ ಪಕ್ಕ ಒಂದು ಖಾಲಿ ಅದಿರಿನ ಲಾರಿ ಬಂದು ನಿಂತಿತು. ಖಾಸಿಂ ರಜೆ ಹಾಕಿ, ಮಾಲೀಕನನ್ನು ಕೇಳಿ, ಹಲಗಿ ತಂದಿದ್ದ. ಬದುವಿನ ಮೇಲೆ ಹುಲ್ಲಿಗೆ ಬೆಂಕಿ ಹಾಕಿ ಹಲಗಿ ಕಾಯಿಸಿದ. ಹುಲಿಗೆವ್ವನನ್ನೂ ಕರೆದಿದ್ದೆ, ಟೇಪ್‌ರೆಕಾರ್ಡರ್ ಜೊತೆ ಒಂದು ದೊಡ್ಡ ಡಬ್ಬಿ ಚಿತ್ರಾನ್ನ ತಂದಳು. ಮೊದಲು ಎಲ್ಲರಿಗೂ ಆ ದ್ವೀಪದ ಹಾಡು ಕೇಳಿಸಿದಳು. ಈರಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿ, "ಇವರು ಎಲ್ಲಿ ನಾಟಿ ಹಚ್ತಾರ?" ಎಂದಳು.

ಜೋಶಿ ಸರ್ ಬಸ್ಸಿನಲ್ಲಿ ಬಂದಿದ್ದರು. ಮಡಿಲಲ್ಲಿ ಮಗುವಿನಂತೆ ಹಾರ್ಮೋನಿಯಂ.

"ಯಾಕ ಸರ್?"

"ಕೆಳಗಿನ ನಾದ ಯಾರು ಕೊಡೋರ್ರೀ? ಆ ಎಮ್ಮಿ ನೀರಿಗಿಳಿಯೋ ಸಪ್ಪಳ. ಅದಿಲ್ದ ಇದು ಬರೇ ಹಲಗಿ ಹಾಡು ಆಗ್ತದ."

ಎಮ್ಮೆಯ ಮಾತನ್ನು ನಾನು ರೇಡಿಯೋದಲ್ಲಿ ಮಾತ್ರ ಹೇಳಿದ್ದೆ. ಅವರು ಶನಿವಾರ ಮಧ್ಯಾಹ್ನ ಮಲಗುತ್ತಿರಲಿಲ್ಲ ಎಂದು ಅವತ್ತು ಗೊತ್ತಾಯಿತು.

ಬದುವಿನ ಮೇಲೆ ಕಂಬಳಿ ಹಾಸಿ, ತಲೆಯ ಮೇಲೆ ಛತ್ರಿ ಸಿಗಿಸಿಕೊಂಡು, ನಲವತ್ತು ವರ್ಷ ರಾಗ ನುಡಿಸಿದ ಆ ಮನುಷ್ಯ ಕೆಳಗಿನ ಸಪ್ತಕದ ನಾಲ್ಕೇ ನಾಲ್ಕು ಸ್ವರ ಹಿಡಿದು ಕೂತರು. ಮೊದಲ ಮೂರು ಸಲ ತಪ್ಪಿದರು. ಅವರ ಕೈ ಸಮ್ ಹುಡುಕಿಕೊಂಡು ಮುಂದೆ ಮುಂದೆ ಓಡುತ್ತಿತ್ತು. "ಸರ್ರ, ನಿಮ್ಮ ಕೈ ನೋಡಬ್ಯಾಡ್ರಿ, ಹೆಂಗಸ್ರ ಸೊಂಟ ಬಗ್ಗಾದು ನೋಡಿ ಹಿಡೀರಿ," ಎಂದ ಖಾಸಿಂ. ಜೋಶಿ ಸರ್ ನಾಚಿಕೊಂಡು ಗದ್ದೆಯ ನೀರನ್ನೇ ದಿಟ್ಟಿಸಿದರು; ಕೈಗಳು ನೀರಿಗಿಳಿಯುವುದನ್ನು ನೋಡಿಕೊಂಡು ನಾಲ್ಕನೇ ಸಲ ಹಿಡಿದರು.

ನಾನು ಕೆಸರಿನಲ್ಲಿ ಮೊಣಕಾಲ ತನಕ ಇಳಿದು, ಉದ್ದನೆಯ ಬಿದಿರಿಗೆ ಮೈಕು ಕಟ್ಟಿ ಹಿಡಿದಿದ್ದೆ. ಹೆಂಗಸರು ಹಿಂದೆ ಹಿಂದೆ ಸರಿಯುತ್ತಾ ನಾಟಿ ಹಚ್ಚುತ್ತಾರೆ. ಅವರ ಜೊತೆ ನಾನೂ ಹಿಂದೆ ಸರಿಯಬೇಕು, ಸದ್ದು ಮಾಡಬಾರದು. ಈರಮ್ಮ ಶುರು ಮಾಡಿದಳು:

ಹೊಳಿಯ ಆಚಿ ದಂಡ್ಯಾಗ ತವರಿನ ದೀಪ ಕಾಣತಾವ
ತೆಪ್ಪದ ಅಣ್ಣಯ್ಯ ಜಲ್ದಿ ಬಾರೋ

ಹದಿನೈದು ದನಿ ಅದನ್ನು ಎತ್ತಿಕೊಂಡವು. ಚಳಕ್. ಹಲಗಿ ಖಾಲಿ ಜಾಗದಲ್ಲಿ ಬಿತ್ತು. ಕೆಳಗೆ ಹಾರ್ಮೋನಿಯಂ ನಿಧಾನಕ್ಕೆ ನೀರಿಗಿಳಿಯಿತು. ಹನ್ನೊಂದು ಸಿ.ಡಿ.ಯ ಡಬ್ಬಿಯಲ್ಲಿ ಇರದಿದ್ದ ರೆಗೆ ಇದು. ಅಲ್ಲಿಯ ತನಕ ನಾನು ಬೇರೆಯವರ ಹಾಡು ಹಾಕುವವಳು. ಆ ಬೆಳಿಗ್ಗೆ ಮೊದಲ ಸಲ ಒಂದು ಹಾಡು ಇಲ್ಲಿ ಹೀಗೆ ಆಗಲಿ ಎಂದು ಬಯಸಿ, ಅದು ಆಗುವುದನ್ನು ಕಣ್ಣಾರೆ ನೋಡಿದೆ.

ಹಾಡು ಹತ್ತು ನಿಮಿಷ ದಾಟಿತು. ಮೇಲಿನ ಕಚೇರಿಗೆ ಕಳಿಸುವ ಅರ್ಧ ಗಂಟೆಯಲ್ಲಿ ಅದು ಹೇಗೆ ಹಿಡಿಸೀತು? ದ್ವೀಪದ ಹಾಡು ಬೇಕು, ಖಾಸಿಂನ ಹಲಗಿ ಪರಿಚಯ ಬೇಕು, ಹುಲಿಗೆವ್ವ ನಡೆದು ತೋರಿಸಿದ ಮಾತೂ ಬೇಕು. ಮೂರು ದಿನ ಕೂತು ಕತ್ತರಿಸಿದೆ, ಅಂಟಿಸಿದೆ. ಹಾಡು ನಾಲ್ಕು ನಿಮಿಷಕ್ಕೆ ಇಳಿಯಿತು. ಜೋಶಿ ಸರ್ ಅದಕ್ಕೆ ಒಂದು ಪುಟದ ಟಿಪ್ಪಣಿ ಬರೆದು ಕಳಿಸಿದರು. ಏನು ಬರೆದರೆಂದು ನನಗೆ ತೋರಿಸಲಿಲ್ಲ.

ಉತ್ತರ ಬರಲು ಮೂರು ವಾರ ಹಿಡಿಯಿತು. ಕಾರ್ಯಕ್ರಮ ಮುಂದುವರಿಯಲಿ, ಸ್ಥಳೀಯ ಕಲಾವಿದರಿಗೆ ಇದೇ ರೀತಿ ಅವಕಾಶ ಕೊಡಿ ಎಂದು ಎರಡೇ ಸಾಲು. ಜೋಶಿ ಸರ್ ಅದನ್ನು ನನಗೆ ಎರಡು ಸಲ ಓದಿಸಿದರು. ಆಮೇಲೆ ಪ್ಯೂನ್ ಕೈಯಲ್ಲಿ ಮಿರ್ಚಿ ಭಜಿ ತರಿಸಿದರು, ಎಲ್ಲರಿಗೂ.

ಪ್ರಸಾರದ ಶನಿವಾರ ಪುಟ್ಟ ಟ್ರಾನ್ಸಿಸ್ಟರ್ ಹಿಡಿದು ಕಂಪ್ಲಿಗೆ ಹೋದೆ. ಹಾಡಿದವರ ಜೊತೆ ಕೂತು ಕೇಳಬೇಕೆಂದು ಆಸೆ. ನಾಟಿ ಮುಗಿದು ಪೈರು ಹಸಿರಾಗಿತ್ತು. ಈರಮ್ಮನ ಗುಂಪು ಕಳೆ ಕೀಳುತ್ತಿತ್ತು. ಎಲ್ಲರೂ ಬದುವಿಗೆ ಬಂದು ಟ್ರಾನ್ಸಿಸ್ಟರ್ ಸುತ್ತ ಕುಕ್ಕರಗಾಲಲ್ಲಿ ಕೂತರು. ಮೂರೂವರೆಗೆ ನನ್ನ ದನಿ ಬಂತು, ಹುಲಿಗೆವ್ವನದು ಬಂತು, ಖಾಸಿಂನ ಹಲಗಿ ಬಂತು. ಆಮೇಲೆ ಹಾಡು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಈರಮ್ಮ ಮಾತ್ರ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದಳು.

"ಯಾವಾಕಿ ಈಕಿ?" ಎಂದಳು.

"ನೀನ ಈರಮ್ಮಕ್ಕ."

"ನಾನಲ್ಲ. ನನ್ನ ದನಿ ಇಷ್ಟು ಸಣ್ಣದಲ್ಲ." ಇನ್ನೊಂದು ಸಾಲು ಕೇಳಿದಳು. "ಆದ್ರ ಚೊಲೋ ಹಾಡ್ತಾಳ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಾಡು ಮುಗಿಯಿತು. ಈರಮ್ಮ ಟ್ರಾನ್ಸಿಸ್ಟರನ್ನೇ ನೋಡುತ್ತಾ ಕೂತಿದ್ದಳು. "ಉಳದದ್ದು?" ಎಂದಳು.

"ಅಷ್ಟೇ ಈರಮ್ಮಕ್ಕ. ಟೈಮ್ ಇರಲಿಲ್ಲ. ಕಡೀ ನುಡಿ ಕತ್ತರಿಸೀನಿ."

"ತೆಪ್ಪ ಬರೋ ನುಡಿ?"

"ಹೂಂ."

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. "ಹಂಗಾದ್ರ ಆ ಹುಡುಗಿ ಇನ್ನೂ ಈಚಿ ದಂಡ್ಯಾಗೇ ನಿಂತಾಳಲ್ಲ ಯವ್ವಾ," ಎಂದಳು. "ತವರಿನ ದೀಪ ಕಾಣಾಕತ್ತಾವ, ತೆಪ್ಪ ಬಂದಿಲ್ಲ. ನೀ ಆಕೀನ ಅಲ್ಲೇ ನಿಂದ್ರಿಸಿ ಬಂದಿ." ಸೆರಗು ಕೊಡವಿ ಎದ್ದು ಗದ್ದೆಗಿಳಿದಳು. ಉಳಿದವರೂ ಹಿಂದೆ ಹೋದರು. ಅವರಿಗೆ ಇನ್ನೂ ಅರ್ಧ ಗದ್ದೆ ಬಾಕಿ ಇತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಮೂರು ದಿನ ಕೂತು ಕತ್ತರಿಸುವಾಗ ನಾನು ಗಡಿಯಾರ ನೋಡಿದ್ದೆ, ಸದ್ದು ಸರಿಯಾಗಿ ಕೂಡಿತೇ ಎಂದು ನೋಡಿದ್ದೆ. ಹುಡುಗಿ ಎಲ್ಲಿದ್ದಾಳೆ ಎಂದು ನೋಡಿರಲಿಲ್ಲ. ಈಗ ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೂ, ಒಂದು ಹಾಡು ಕೈಗೆ ಬಂದರೆ ಮೊದಲು ಅದನ್ನೇ ನೋಡುತ್ತೇನೆ.

ಭಾನುವಾರ ಊಟಕ್ಕೆ ಕೂತಾಗ ಭಾವನಿಗೆ ಹೇಳಿದೆ, ಯಾರ್ಡಿನ ಕೆಲಸ ನನಗೆ ಬೇಡ ಎಂದು. ಭಾವ ತುತ್ತು ನುಂಗಿ, "ಹಂಗಾದ್ರ ರಗಳೇನ ಖಾಯಂ ಮಾಡ್ಕೊಂಡಿ," ಎಂದರು. ಅಕ್ಕ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅಲ್ಲಿಗೆ ಆ ಮಾತು ಮುಗಿಯಿತು.

ಸೋಮವಾರ ನನ್ನ ಕೆಲಸದ ದಿನವಾಗಿರಲಿಲ್ಲ. ಆದರೂ ಸ್ಟೇಷನ್ನಿಗೆ ಹೋದೆ. ಮೂಲ ರೆಕಾರ್ಡಿಂಗ್ ತೆಗೆದು, ಕತ್ತರಿಸಿದ್ದನ್ನೆಲ್ಲ ತಿರುಗಿ ಸೇರಿಸಿದೆ. ತೆಪ್ಪ ಬಂತು, ಹುಡುಗಿ ಹತ್ತಿದಳು, ಹೊಳೆಯ ನಡುವೆ ತೆಪ್ಪ ಎರಡು ಸುತ್ತು ತಿರುಗಿತು, ಆಚೆ ದಂಡೆಯಲ್ಲಿ ತಾಯಿ ನೀರಿಗೇ ಇಳಿದು ಕೈ ಚಾಚಿದಳು. ಅದನ್ನು ಹಿಡಿದುಕೊಂಡು ಜೋಶಿ ಸರ್ ಕೋಣೆಗೆ ಹೋಗಿ, ಬರುವ ಶನಿವಾರ ಇದನ್ನೇ ಮತ್ತೆ ಹಾಕಬೇಕು ಎಂದೆ.

ಅವರು ಪ್ರಸಾರದ ಪಟ್ಟಿ ತೆಗೆದರು. "ಈಗ ಎಷ್ಟು ನಿಮಿಷ ಆತು?"

"ಹುಡುಗಿ ತವರು ಮುಟ್ಟೋತನಕ ಸರ್."

ಅವರು ನನ್ನ ಮುಖ ನೋಡಿದರು. ಪಟ್ಟಿಯಲ್ಲಿ ನನ್ನ ಕಾರ್ಯಕ್ರಮದ ಕೆಳಗೆ, ನಾಲ್ಕು ಗಂಟೆಗೆ, ಅವರೇ ಆರಿಸಿದ ಶಾಸ್ತ್ರೀಯ ಸಂಗೀತ ಇತ್ತು. ಪೆನ್ನಿನ ಮುಚ್ಚಳ ತೆಗೆದು ನಾಲ್ಕನ್ನು ಹೊಡೆದು ಹಾಕಿದರು. ಅದರ ಮೇಲೆ ನಾಲ್ಕೂ ಹತ್ತು ಎಂದು ಬರೆದು, ಸಹಿ ಮಾಡಿ, ಪಟ್ಟಿಯನ್ನು ನನ್ನ ಕಡೆ ತಳ್ಳಿದರು.

"ಮುಟ್ಟಲಿ," ಎಂದರು.